ಜುಟ್ಟಿಗೆ ಮಲ್ಲಿಗೆ ಮುಡಿದ ಕಂಪ್ಯೂಟರು

"60 ಸಾವಿರಕ್ಕೆ ಬೆಸ್ಟ್ ಗೇಮಿಂಗ್ ಆ್ಯಂಡ್ ಎಡಿಟಿಂಗ್ ಪಿಸಿ!" ಈ ಥರದ ಹೆಸರಿರೋ ಒಂದು ಪಟ್ಟಿಯನ್ನೋ ವಿಡಿಯೋವನ್ನೋ ನೋಡದೆ ಇವತ್ತು ಯಾರೂ ಕಂಪ್ಯೂಟರ್ ಜೋಡಿಸೋಕೆ ಹೊರಡೋದಿಲ್ಲ. ಅದರಲ್ಲಿ ಎಂಟು ಹತ್ತು ಸಾಲು ಇರುತ್ತೆ. ಪ್ರೊಸೆಸರು, ಮದರ್‌ಬೋರ್ಡು, ರ್‍ಯಾಮ್, ಎಸ್ಎಸ್‌ಡಿ, ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ, ಕ್ಯಾಬಿನೆಟ್ಟು. ಪಕ್ಕದಲ್ಲಿ ಬೆಲೆ, ಕೆಳಗೆ ಮೊತ್ತ. ಮೊತ್ತ ಯಾವಾಗಲೂ 60 ಸಾವಿರಕ್ಕೆ ನೂರಿನ್ನೂರು ರೂಪಾಯಿ ಕಮ್ಮಿ. ಹಿಂದೆ ಗಾಜಿನ ಡಬ್ಬಿಯೊಳಗೆ ಬಣ್ಣಬಣ್ಣದ ಫ್ಯಾನುಗಳು ತಿರುಗ್ತಾ ಇರುತ್ತವೆ. ಮಧ್ಯೆ ಒಂದೆರಡು ಬಾರ್ ಚಾರ್ಟು. ಕೊನೆಗೆ "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅನ್ನೋ ಆಶೀರ್ವಾದ.

ಕಥೆ, ಕವನ, ಸಿನಿಮಾಗಳನ್ನ ನಾವು ವಿಮರ್ಶೆ ಮಾಡ್ತೀವಿ. ಈ ಪಟ್ಟಿಗಳನ್ನ ಮಾತ್ರ ಯಾರೂ ಮಾಡಲ್ಲ. ಒಂದು ಕೆಟ್ಟ ಸಿನಿಮಾಗೆ ಹೋದರೆ ಮುನ್ನೂರು ರೂಪಾಯಿ, ಮೂರು ಗಂಟೆ ಹೋಗುತ್ತೆ. ಒಂದು ಕೆಟ್ಟ ಪಟ್ಟಿಯನ್ನ ನಂಬಿದರೆ ಎರಡು ತಿಂಗಳ ಸಂಬಳ, ಇಲ್ಲಾಂದ್ರೆ ಒಂದು ವರ್ಷದ ಇಎಂಐ ಹೋಗುತ್ತೆ. ಹಾಗಾಗಿ ಒಮ್ಮೆ ಕೂತು ಈ ಬರವಣಿಗೆಯ ಗುಣದೋಷ ನೋಡೋಣ.

ಮೊದಲೇ ಹೇಳಿಬಿಡ್ತೀನಿ, ಈ ಪಟ್ಟಿಗಳು ಸುಳ್ಳು ಹೇಳ್ತವೆ ಅನ್ನೋದು ನನ್ನ ದೂರಲ್ಲ. ಬಹಳಷ್ಟು ಸಲ ಅಲ್ಲಿರೋ ಒಂದೊಂದು ಸಾಲೂ ನಿಜವೇ. ನನ್ನ ದೂರು ಬೇರೆ: ಅವು ನಿಮ್ಮನ್ನ ಏನನ್ನೂ ಕೇಳೋದಿಲ್ಲ. ನಮ್ಮೂರ ಕಡೆ ಮೋಟಾರು ಅಂಗಡಿಗೆ ಹೋಗಿ "ಒಳ್ಳೇ ಮೋಟಾರು ಕೊಡಿ" ಅಂದ್ರೆ ಅಂಗಡಿಯವನು ರೇಟು ಹೇಳೋದಿಲ್ಲ. "ಬೋರು ಎಷ್ಟು ಅಡಿ? ನೀರು ಎಷ್ಟು ಇಂಚು? ಟಿಸಿಯಿಂದ ತೋಟ ಎಷ್ಟು ದೂರ? ಕರೆಂಟು ಎಷ್ಟು ಹೊತ್ತು ಕೊಡ್ತಾರೆ?" ಅಂತ ಕೇಳ್ತಾನೆ. ಆಮೇಲೆ ಎಚ್‌ಪಿ ಮಾತು. ಎಸ್ಎಸ್ಎಲ್‌ಸಿ ಫೇಲಾದ ಮೋಟಾರು ರಿಪೇರಿಯವನಿಗೆ ಗೊತ್ತಿರೋ ಈ ಕ್ರಮ ನಮ್ಮ ಟೆಕ್ ವಿಮರ್ಶಕರಿಗೆ ಬರಲಿಲ್ಲ ಅನ್ನೋದೇ ಆಶ್ಚರ್ಯ.

"ಗೇಮಿಂಗ್ ಆ್ಯಂಡ್ ಎಡಿಟಿಂಗ್" ಅನ್ನೋ ಮಾತನ್ನೇ ತಗೊಳ್ಳಿ. ಇದನ್ನ ಅನ್ನಸಾರು, ಗಂಡಹೆಂಡತಿ ಅನ್ನೋ ಹಾಗೆ ಒಂದೇ ಪದ ಮಾಡಿಬಿಟ್ಟಿದ್ದಾರೆ. ಆದರೆ ಇವು ಎರಡು ಬೇರೆ ಕೆಲಸ. ಗೇಮ್ ಆಡುವಾಗ ಕಂಪ್ಯೂಟರು ಇಲ್ಲದಿರೋ ಚಿತ್ರವನ್ನ ಆ ಕ್ಷಣಕ್ಕೆ ಹುಟ್ಟಿಸಬೇಕು. ಸೆಕೆಂಡಿಗೆ 60 ಚಿತ್ರ ಬೇಕು ಅಂದ್ರೆ ಒಂದೊಂದಕ್ಕೂ ಸಿಗೋದು 16.7 ಮಿಲಿಸೆಕೆಂಡು. 144 ಹರ್ಟ್ಸ್ ಮಾನಿಟರಿಗೆ ಸರಿಯಾಗಿ ಉಣಿಸಬೇಕು ಅಂದ್ರೆ 6.9 ಮಿಲಿಸೆಕೆಂಡು. ಈ ಭಾರವನ್ನ ಬಹುಪಾಲು ಹೊರೋದು ಗ್ರಾಫಿಕ್ಸ್ ಕಾರ್ಡು. ವಿಡಿಯೋ ಎಡಿಟಿಂಗಲ್ಲಿ ಚಿತ್ರ ಆಗಲೇ ಇದೆ, ಆದರೆ ಮಡಚಿ ಮಡಚಿ ಮೂಟೆ ಕಟ್ಟಿಟ್ಟಿದ್ದಾರೆ. ಅದನ್ನ ಬಿಚ್ಚಬೇಕು, ಬಣ್ಣ ತಿದ್ದಬೇಕು, ಮತ್ತೆ ಮಡಚಿ ಕಟ್ಟಬೇಕು. ಬಿಚ್ಚೋದಕ್ಕೆ ಒಂದು ಅಂಗ, ತಿದ್ದೋದಕ್ಕೆ ಒಂದು, ಕಟ್ಟೋದಕ್ಕೆ ಇನ್ನೊಂದು. ಟೈಮ್‌ಲೈನ್ ಮೇಲೆ ಕರ್ಸರ್ ಎಳೆದಾಗ ವಿಡಿಯೋ ತೊದಲಿದರೆ, ಸಾಮಾನ್ಯವಾಗಿ ಸೋತಿರೋದು ಬಿಚ್ಚೋ ಅಂಗ. ಅದಕ್ಕೆ ದೊಡ್ಡ ಗೇಮಿಂಗ್ ಕಾರ್ಡು ಹಾಕೋದು, ಬೋರಲ್ಲಿ ನೀರಿಲ್ಲದಾಗ ಮೋಟಾರು ಬದಲಾಯಿಸಿದ ಹಾಗೆ.

ಇದಕ್ಕೆ ಒಳ್ಳೇ ಉದಾಹರಣೆ ಇಂಟೆಲ್‌ನ ಕೋರ್ ಐ5-12400. 2022ರ ಶುರುವಲ್ಲಿ ಬಂದ ಆರು ಕೋರು, ಹನ್ನೆರಡು ಥ್ರೆಡ್ಡಿನ ಪ್ರೊಸೆಸರು. ಇದಕ್ಕೆ ಒಬ್ಬ ತಮ್ಮ ಇದ್ದಾನೆ, 12400ಎಫ್. ಎಫ್ ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ಉಳಿದದ್ದೆಲ್ಲ ಒಂದೇ, ಬೆಲೆ ಸ್ವಲ್ಪ ಕಮ್ಮಿ. ಪಟ್ಟಿ ಮಾಡೋರಿಗೆ ಈ ಎಫ್ ಅಂದ್ರೆ ಪ್ರಾಣ. "ಹೇಗೂ ಗ್ರಾಫಿಕ್ಸ್ ಕಾರ್ಡು ಹಾಕ್ತೀರಲ್ಲ, ಒಳಗಿನದು ಯಾಕೆ, ದುಡ್ಡು ಉಳಿಸಿ" ಅಂತಾರೆ. ಬರೀ ಗೇಮ್ ಆಡೋನಿಗೆ ಈ ಮಾತು ನೂರಕ್ಕೆ ನೂರು ಸರಿ. ಎಡಿಟ್ ಮಾಡೋನಿಗೆ ಅನ್ಯಾಯ. ಯಾಕಂದ್ರೆ ಆ ಒಳಗಿನ ಗ್ರಾಫಿಕ್ಸ್ ಜೊತೆಯಲ್ಲೇ ಕ್ವಿಕ್ ಸಿಂಕ್ ಅನ್ನೋ ಒಂದು ಪುಟ್ಟ ಯಂತ್ರ ಇರುತ್ತೆ. ವಿಡಿಯೋ ಮೂಟೆ ಬಿಚ್ಚೋದು, ಕಟ್ಟೋದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ. ಎಫ್ ತಗೊಂಡರೆ ಅದೂ ಹೋಯ್ತು.

ಇದು ಎಲ್ಲಿ ಚುಚ್ಚುತ್ತೆ ಅಂದ್ರೆ, ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ. ಎಚ್.265, 10 ಬಿಟ್, 4:2:2 ಅನ್ನೋ ಒಂದು ನಮೂನೆ ಇದೆ. 8 ಬಿಟ್ಟಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಾದರೆ 10 ಬಿಟ್ಟಿನಲ್ಲಿ 1024. ಫೋನುಗಳಲ್ಲಿ ಸಾಮಾನ್ಯವಾಗಿರೋ 4:2:0 ನಾಲ್ಕು ಪಿಕ್ಸೆಲ್‌ಗೆ ಸೇರಿಸಿ ಒಂದು ಬಣ್ಣದ ಮಾಹಿತಿ ಇಟ್ಟರೆ, 4:2:2 ಎರಡಕ್ಕೆ ಒಂದು ಇಡುತ್ತೆ. ಕಲ್ಯಾಣ ಮಂಟಪದ ಹಳದಿ ಲೈಟಿನಲ್ಲಿ ಕೆಂಪು ರೇಷ್ಮೆ ಸೀರೆ, ಅರಿಶಿನ ಹಚ್ಚಿದ ಮುಖ ಎರಡನ್ನೂ ಸರಿಯಾಗಿ ತಿದ್ದಬೇಕು ಅಂದ್ರೆ ಈ ಹೆಚ್ಚುವರಿ ಬಣ್ಣ ಉಪಯೋಗಕ್ಕೆ ಬರುತ್ತೆ. ಆದರೆ ಎನ್‌ವಿಡಿಯಾ ಕಾರ್ಡುಗಳು 4:2:2 ಬಿಚ್ಚೋದನ್ನ ಕಲಿತಿದ್ದು 2025ರಲ್ಲಿ ಬಂದ 50 ಸರಣಿಯಿಂದ. ಅದಕ್ಕೂ ಹಿಂದಿನ ಕಾರ್ಡು ಎಷ್ಟೇ ದುಬಾರಿಯಾಗಿದ್ದರೂ ಈ ಕೆಲಸಕ್ಕೆ ಕೈ ಎತ್ತಿಬಿಡುತ್ತೆ. 12400 ಒಳಗಿರೋ ಪುಟ್ಟ ಯಂತ್ರ ಅದನ್ನ ಸಲೀಸಾಗಿ ಮಾಡುತ್ತೆ.

ನಮ್ಮ ಚಿಕ್ಕಪ್ಪನ ಮಗ ತಾಲೂಕು ಕೇಂದ್ರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮದುವೆ, ಗೃಹಪ್ರವೇಶ, ನಾಮಕರಣ. ಸಂಘದಲ್ಲಿ ಸಾಲ ತಗೊಂಡು, ಇಂಥದ್ದೇ ಒಂದು ಪಟ್ಟಿ ಹಿಡಿದುಕೊಂಡು, ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಂಪ್ಯೂಟರು ಕಟ್ಟಿಸಿಕೊಂಡು ಹೋದ. ಗಾಜಿನ ಕ್ಯಾಬಿನೆಟ್ಟು, ಆರು ಬಣ್ಣದ ಫ್ಯಾನು, ಎಫ್ ಪ್ರೊಸೆಸರು. ಗೇಮ್ ಹಾಕಿದರೆ ಬೆಣ್ಣೆ ಹಾಗೆ ಓಡುತ್ತೆ. ಮದುವೆ ವಿಡಿಯೋ ಹಾಕಿದರೆ ಮಾಂಗಲ್ಯಧಾರಣೆ ಅರ್ಧ ನಿಮಿಷ ನಿಂತು ನಿಂತು ಆಗುತ್ತೆ. ಅಂಗಡಿಗೆ ಫೋನ್ ಮಾಡಿದ್ದಕ್ಕೆ "ಗ್ರಾಫಿಕ್ಸ್ ಕಾರ್ಡು ಸಾಲಲ್ಲ, ದೊಡ್ಡದು ಹಾಕ್ಸಿ" ಅಂದರಂತೆ. ಹಾಕಿಸಿದ. ಇನ್ನೂ ಮೂವತ್ತು ಸಾವಿರ ಹೋಯ್ತು. ಮಾಂಗಲ್ಯಧಾರಣೆ ಅಲ್ಲೇ ನಿಂತಿತ್ತು.

"ಅಣ್ಣ, ಕಾರ್ಡು ಡೂಪ್ಲಿಕೇಟ್ ಕೊಟ್ಟವ್ರಾ?" ಅಂತ ಕೇಳಿದ.

ಡೂಪ್ಲಿಕೇಟ್ ಏನೂ ಅಲ್ಲ, ಅಸಲಿ ಕಾರ್ಡೇ. ಆ ಕೆಲಸ ಅದಕ್ಕೆ ಬರೋದಿಲ್ಲ, ಅಷ್ಟೇ. ಕ್ಯಾಮೆರಾದ ಸೆಟ್ಟಿಂಗನ್ನ 4:2:0ಗೆ ಇಳಿಸಿದ್ದು, ಹಳೇ ವಿಡಿಯೋಗಳಿಗೆ ಪ್ರಾಕ್ಸಿ ಮಾಡಿಕೊಂಡಿದ್ದು, ಇಷ್ಟರಲ್ಲೇ ಆ ಸೀಸನ್ ಮುಗಿಸಿದ. ಖರ್ಚು ಸೊನ್ನೆ. ಆಷಾಢದಲ್ಲಿ ಕೆಲಸ ಇಲ್ಲದಾಗ ಎಫ್ ಪ್ರೊಸೆಸರ್ ಮಾರಿ ಎಫ್ ಇಲ್ಲದ್ದು ಹಾಕಿಸಿಕೊಂಡ.

ಪ್ರಾಕ್ಸಿ ಅನ್ನೋದು ಯಾವ ಪಟ್ಟಿಯಲ್ಲೂ ಕಾಣಿಸೋದಿಲ್ಲ, ಯಾಕಂದ್ರೆ ಅದನ್ನ ಮಾರೋಕಾಗಲ್ಲ. 4ಕೆ ವಿಡಿಯೋಗೆ ಒಂದು ಸಣ್ಣ, ಸುಲಭವಾಗಿ ಬಿಚ್ಚಬಹುದಾದ ನಕಲು ಮಾಡಿಕೊಂಡು, ಕತ್ತರಿಸೋ ಕೆಲಸವನ್ನೆಲ್ಲ ಅದರ ಮೇಲೆ ಮಾಡಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಅಸಲಿಯನ್ನ ಬಳಸೋದು. ಪ್ರೀಮಿಯರ್ ಪ್ರೊದಲ್ಲೂ ಇದೆ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದೆ. ರಾತ್ರಿ ಮಲಗುವಾಗ ಹಾಕಿಬಿಟ್ಟರೆ ಬೆಳಗ್ಗೆ ರೆಡಿ. ಕೈಯಲ್ಲಿ ದುಡ್ಡು ಕಮ್ಮಿ ಇರೋ ಎಡಿಟರಿಗೆ ಮೊದಲು ಹೇಳಬೇಕಾದ ವಿಷಯ ಇದೇ.

ಇನ್ನು ಚಾರ್ಟುಗಳ ವಿಚಾರ. ಪ್ರೊಸೆಸರುಗಳನ್ನ ಗೇಮಿನಲ್ಲಿ ಹೋಲಿಸುವಾಗ ವಿಮರ್ಶಕರು ಮಾರುಕಟ್ಟೆಯ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡು ಹಾಕಿ, 1080ಪಿ ರೆಸಲ್ಯೂಶನ್ನಿನಲ್ಲಿ ಪರೀಕ್ಷೆ ಮಾಡ್ತಾರೆ. ಇದು ಸರಿಯಾದ ವಿಧಾನವೇ. ಕಾರ್ಡು ಅಡ್ಡ ಬರಬಾರದು, ಪ್ರೊಸೆಸರಿನ ತಾಕತ್ತು ಬೇರೆಯಾಗಿ ಕಾಣಬೇಕು ಅಂತ. ಆದರೆ ಆ ಚಾರ್ಟಿನಲ್ಲಿ ಕಾಣೋ 20-30 ಫ್ರೇಮಿನ ವ್ಯತ್ಯಾಸ ನಿಮ್ಮ ಮನೆಗೆ ಬರೋದಿಲ್ಲ. ನೀವು ಹಾಕೋದು ಆರ್‌ಟಿಎಕ್ಸ್ 3050 ಆದರೆ ಬಹಳಷ್ಟು ಭಾರೀ ಗೇಮುಗಳಲ್ಲಿ ಕಾರ್ಡೇ ಮೊದಲು ಸುಸ್ತಾಗುತ್ತೆ, ಎರಡೂ ಪ್ರೊಸೆಸರು ಹೆಚ್ಚೂಕಮ್ಮಿ ಒಂದೇ ಫ್ರೇಮು ಕೊಡುತ್ತವೆ. ವಾಲರಂಟ್ ಥರದ ಹಗುರ ಗೇಮುಗಳಲ್ಲಿ ಮಾತ್ರ ಪ್ರೊಸೆಸರಿನ ಕೈ ಮೇಲಾಗುತ್ತೆ. ಚಾರ್ಟು ಪ್ರಯೋಗಶಾಲೆಯ ಫಲಿತಾಂಶ, ಪಟ್ಟಿ ಅದನ್ನ ಖರೀದಿ ಸಲಹೆ ಅಂತ ಓದಿಸುತ್ತೆ.

ಎಡಿಟಿಂಗ್ ಚಾರ್ಟಂತೂ ಇನ್ನೂ ಮಜಾ. "ಎಡಿಟಿಂಗಿಗೂ ಸೂಪರ್" ಅಂತ ಹೇಳಿ ತೋರಿಸೋದು ಸಿನೆಬೆಂಚ್ ಅಂಕ. ಸಿನೆಬೆಂಚ್ ಅನ್ನೋದು ಸಿನೆಮಾ 4ಡಿ ಎಂಬ ತ್ರೀಡಿ ಸಾಫ್ಟ್‌ವೇರಿನ ಮೇಲೆ ನಿಂತಿರೋ ಪರೀಕ್ಷೆ. ಒಂದು ತ್ರೀಡಿ ದೃಶ್ಯವನ್ನ ಎಲ್ಲಾ ಕೋರುಗಳೂ ಸೇರಿ ಎಷ್ಟು ಬೇಗ ಚಿತ್ರಿಸುತ್ತವೆ ಅಂತ ಅಳೆಯುತ್ತೆ. ನಿಮ್ಮ ಮದುವೆ ವಿಡಿಯೋ ಬಿಚ್ಚೋದಕ್ಕೂ ಇದಕ್ಕೂ ಸಂಬಂಧ ಬಹಳ ದೂರದ್ದು. ಹೆಸರಲ್ಲಿ ಸಿನೆಮಾ ಇದೆ ಅಂತ ಎಡಿಟಿಂಗಿಗೆ ಸಾಕ್ಷಿ ಆಗೋದಾದರೆ, ಹೆಸರಲ್ಲಿ ಗಣಪತಿ ಇರೋ ಬಸ್ಸಿಗೆ ಬ್ರೇಕು ಬೇಡ ಅಂದ ಹಾಗಾಯ್ತು.

ಒಂದು ಕಾರ್ಡಿನ ಕಥೆ ಇಲ್ಲಿ ನೆನೆಯಲೇಬೇಕು. 2022ರ ಜನವರಿಯಲ್ಲಿ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಬಂತು. ಆಗ ಕ್ರಿಪ್ಟೋ ಮೈನಿಂಗ್ ಹುಚ್ಚಿನಿಂದ ಕಾರ್ಡುಗಳ ಬೆಲೆ ಆಕಾಶದಲ್ಲಿತ್ತು. ಎಥೇರಿಯಂ ಮೈನಿಂಗ್ ನಿಂತಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸಿಕ್ಕಿದ್ದೇ ಪುಣ್ಯ ಅನ್ನೋ ಕಾಲ. ಈ ಕಾರ್ಡಿನಲ್ಲಿ ಮೆಮೊರಿ 4 ಜಿಬಿ, ಬೋರ್ಡಿನ ಜೊತೆ ಮಾತಾಡೋಕೆ ಬರೀ ನಾಲ್ಕು ಲೇನು. ಪಿಸಿಐಇ 3.0ದ ಹಳೇ ಬೋರ್ಡಿಗೆ ಹಾಕಿದರೆ ಆ ದಾರಿಯೂ ಅರ್ಧ ಕಿರಿದಾಗಿ ಫ್ರೇಮು ಬೀಳುತ್ತೆ. ಬಜೆಟ್ ಕಾರ್ಡು ತಗೊಳ್ಳೋರ ಹತ್ತಿರ ಇರೋದೇ ಹಳೇ ಬೋರ್ಡು! ಎಲ್ಲಕ್ಕಿಂತ ಹೆಚ್ಚಾಗಿ, ಎಚ್.264, ಎಚ್.265 ವಿಡಿಯೋ ಕಟ್ಟೋ ಎನ್‌ಕೋಡರೇ ಅದರಲ್ಲಿ ಇರಲಿಲ್ಲ. ಗೇಮ್ ಆಡ್ತಾ ರೆಕಾರ್ಡ್ ಮಾಡೋಕೂ ಅದರ ಸಹಾಯ ಸಿಗಲ್ಲ. ಇಂಥದ್ದು "ಗೇಮಿಂಗ್ ಆ್ಯಂಡ್ ಎಡಿಟಿಂಗ್" ಹಣೆಪಟ್ಟಿಯ ಕೆಳಗೆ ಬಂದು ಕೂತರೆ ಹಣೆಪಟ್ಟಿಗೆ ಏನು ಅರ್ಥ ಉಳೀತು? ಕಾರ್ಡಿನ ಹೆಸರಿನ ಮುಂದೆ ಬೆಲೆ ಬರೆಯೋಕೆ ಜಾಗ ಇರುತ್ತೆ, ಏನಿಲ್ಲ ಅಂತ ಬರೆಯೋಕೆ ಜಾಗ ಇರಲ್ಲ.

ಇದೇ ಥರ ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿ ಮೆಮೊರಿ ಇರೋದೂ ಸಿಗುತ್ತೆ, 4060ಯಲ್ಲಿ ಇರೋದು 8 ಜಿಬಿ. ಗೇಮಿಗೆ ಸಾಮಾನ್ಯವಾಗಿ 4060 ಮುಂದೆ. ರಿಸಾಲ್ವ್‌ನಲ್ಲಿ 4ಕೆ ಮೇಲೆ ಭಾರೀ ಎಫೆಕ್ಟು ಪೇರಿಸೋನಿಗೆ 12 ಜಿಬಿ ಹೆಚ್ಚು ನೆಮ್ಮದಿ. ಯಾವುದು ಒಳ್ಳೇದು ಅನ್ನೋ ಪ್ರಶ್ನೆಗೆ ನಿಮ್ಮ ಕೆಲಸ ಕೇಳದೆ ಉತ್ತರವೇ ಇಲ್ಲ.

ರ್‍ಯಾಮ್ ಮತ್ತು ಎಸ್ಎಸ್‌ಡಿ ವಿಚಾರ ಬೇಗ ಮುಗಿಸ್ತೀನಿ. 16 ಜಿಬಿ ತಗೊಳ್ಳೋದಾದರೆ ಒಂದು 16ರ ಬದಲು 8ರ ಜೋಡಿ ತಗೊಳ್ಳಿ. ಡಿಡಿಆರ್4-3200ರಲ್ಲಿ ಒಂದು ಚಾನೆಲ್ಲಿಗೆ ಸೆಕೆಂಡಿಗೆ 25.6 ಜಿಬಿ ದಾರಿ, ಎರಡಾದರೆ 51.2. ಇನ್ನೊಂದು ಮಾತು, 3200 ಅಂತ ಬರೆದಿರೋ ರ್‍ಯಾಮು ತಾನಾಗೇ 3200ರಲ್ಲಿ ಓಡಬೇಕು ಅಂತೇನಿಲ್ಲ. ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಎಷ್ಟೋ ಕಿಟ್ಟುಗಳು 2133ರಲ್ಲೋ 2666ರಲ್ಲೋ ಕೂತಿರುತ್ತವೆ. ದುಡ್ಡು ಕೊಟ್ಟು ಕೊಂಡ ವೇಗ ಬೀರುವಿನಲ್ಲೇ ಉಳಿದ ಹಾಗೆ. ಎಷ್ಟೋ ಅಂಗಡಿಯವರು ಇದನ್ನ ಮಾಡಿಕೊಡಲ್ಲ, ಪಟ್ಟಿಯವರು ಹೇಳಿಕೊಡಲ್ಲ.

ಎಸ್ಎಸ್‌ಡಿ ಪಕ್ಕದಲ್ಲಿ "3500 ಎಂಬಿ ಪರ್ ಸೆಕೆಂಡ್, ಎಡಿಟಿಂಗಿಗೆ ರಾಕೆಟ್" ಅಂತ ಇರುತ್ತೆ. ಒಂದು ಸಣ್ಣ ಲೆಕ್ಕ ಹಾಕಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ಟಿನಲ್ಲಿ ರೆಕಾರ್ಡ್ ಮಾಡುತ್ತೆ ಅಂತಿಟ್ಟುಕೊಳ್ಳಿ. ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟು. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ 40 ದಾಟಲ್ಲ. ಸಾಧಾರಣ ಸಾಟಾ ಎಸ್ಎಸ್‌ಡಿ 500ರ ಮೇಲೆ ಕೊಡುತ್ತೆ. ಹಾಗಾಗಿ ವೇಗಕ್ಕೆ ಹೆಚ್ಚು ದುಡ್ಡು ಸುರಿಯೋ ಬದಲು ಜಾಗಕ್ಕೆ ಸುರೀಬೇಕು. ಅದೇ 100 ಮೆಗಾಬಿಟ್ಟಿನಲ್ಲಿ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಎರಡು ದಿನದ ಮದುವೆ. 512 ಜಿಬಿ ಎಲ್ಲಿ ಸಾಲುತ್ತೆ ಹೇಳಿ?

ಈಗ ನನಗೆ ನಿಜವಾಗಿ ಸಿಟ್ಟು ಬರೋ ಸಾಲಿಗೆ ಬರ್ತೀನಿ. ಪಟ್ಟಿಯ ಕೆಳಗಿಂದ ಎರಡನೇದು, ಪವರ್ ಸಪ್ಲೈ. ಮೊತ್ತ 60 ಸಾವಿರದೊಳಗೆ ಕೂರಬೇಕು ಅಂದ್ರೆ ಎಲ್ಲಿಂದಲೋ ಕಿತ್ತುಕೊಳ್ಳಬೇಕಲ್ಲ, ಕಿತ್ತುಕೊಳ್ಳೋದು ಇಲ್ಲಿಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಗಾದೆಯನ್ನ ಯಾರೋ ಅಜ್ಜ ಆರ್‌ಜಿಬಿ ಫ್ಯಾನು ನೋಡಿಯೇ ಹೇಳಿರಬೇಕು. ಫ್ಯಾನುಗಳ ದುಡ್ಡನ್ನೂ ಗಾಜಿನ ಕ್ಯಾಬಿನೆಟ್ಟಿನ ದುಡ್ಡನ್ನೂ ಉಳಿಸಿದರೆ ಒಂದು ಮರ್ಯಾದಸ್ಥ ಪವರ್ ಸಪ್ಲೈ ಬರುತ್ತೆ. ಆದರೆ ಅದು ಥಂಬ್‌ನೇಲಿನಲ್ಲಿ ಹೊಳೆಯಲ್ಲ.

ಮೇಲೆ 500 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತೆ. ಅದನ್ನ ಬಿಡಿ, ಪಕ್ಕಕ್ಕೆ ತಿರುಗಿಸಿ ಲೇಬಲ್ ಓದಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಊಟ ಮಾಡೋದು ಮುಖ್ಯವಾಗಿ 12 ವೋಲ್ಟಿನ ಸಾಲಿನಿಂದ. ಅಲ್ಲಿ 25 ಆಂಪಿಯರ್ ಅಂತ ಇದ್ದರೆ, 12 ಗುಣಿಸು 25, ಬರೋದು 300 ವ್ಯಾಟು. ಉಳಿದ 200 ಬರೀ ಹೆಸರಿಗೆ. 80 ಪ್ಲಸ್ ಅನ್ನೋ ಮುದ್ರೆ ಇದೆಯಲ್ಲ ಅಂತೀರಾ? ಅದು ಎಷ್ಟು ಕರೆಂಟು ಪೋಲಾಗುತ್ತೆ ಅಂತ ಅಳೆಯೋ ಮುದ್ರೆ. ಶಾರ್ಟ್ ಆದಾಗ, ವೋಲ್ಟೇಜು ಏರಿದಾಗ ಒಳಗಿನ ರಕ್ಷಣೆ ಸರಿಯಾಗಿ ಕೆಲಸ ಮಾಡುತ್ತಾ ಅಂತ ಅದು ಹೇಳೋದಿಲ್ಲ.

ನಮ್ಮ ಪಟ್ಟಿಗಳ ದೊಡ್ಡ ದೋಷ ಇಲ್ಲೇ ಬಯಲಾಗೋದು. ಇವುಗಳಲ್ಲಿ ಬಹಳಷ್ಟು ಅಮೆರಿಕದ ಪಟ್ಟಿಗಳ ನಕಲು, ಡಾಲರ್ ತೆಗೆದು ರೂಪಾಯಿ ಹಾಕಿ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದ್ದು. ಅಲ್ಲಿ ಯುಪಿಎಸ್ ಅನ್ನೋ ಸಾಲು ಇರಲ್ಲ, ಹಾಗಾಗಿ ಇಲ್ಲೂ ಇರಲ್ಲ. ಆದರೆ ಅಲ್ಲಿನ ಕರೆಂಟು ಇಲ್ಲಿಲ್ಲವಲ್ಲ ಸ್ವಾಮಿ! 12400 ಪೂರ್ತಿ ದುಡಿಯುವಾಗ 117 ವ್ಯಾಟಿನವರೆಗೆ ಎಳೆಯಬಹುದು. 3060 ಕಾರ್ಡು 170. ಬೋರ್ಡು, ಡಿಸ್ಕು, ಫ್ಯಾನಿಗೆ ಒಂದು 50, ಮಾನಿಟರಿಗೆ 30. ಒಟ್ಟು 367. ನಮ್ಮಲ್ಲಿ ಮಾಮೂಲಿಯಾಗಿ ಮಾರಾಟವಾಗೋ 600 ವಿಎ ಯುಪಿಎಸ್ಸಿನ ತಾಕತ್ತು ಸುಮಾರು 360 ವ್ಯಾಟು. ಎಕ್ಸ್‌ಪೋರ್ಟು ನಡೀತಿರುವಾಗ ಕರೆಂಟು ಹೋದರೆ ಯುಪಿಎಸ್ಸೂ ಜೊತೆಗೇ ಹೋಗುತ್ತೆ. ಕಾರ್ಡು 4060 ಆದರೆ 115 ವ್ಯಾಟು, ಒಟ್ಟು 312ಕ್ಕೆ ನಿಲ್ಲುತ್ತೆ. ನೋಡಿ, ಯಾವ ಕಾರ್ಡು ಅನ್ನೋ ಪ್ರಶ್ನೆಗೆ ನಿಮ್ಮೂರ ಕರೆಂಟೂ ಒಂದು ಉತ್ತರ ಕೊಡ್ತಾ ಇದೆ. ಇದನ್ನ ಯಾವ ಚಾರ್ಟೂ ತೋರಿಸಲ್ಲ. ಹಾಗೇ ಎಸಿ ರೂಮಿನಲ್ಲಿ ಪರೀಕ್ಷೆಯಾದ ಗಾಜಿನ ಮುಖದ ಕ್ಯಾಬಿನೆಟ್ಟನ್ನ, ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ರಾಯಚೂರಿನ ಸ್ಟುಡಿಯೋದಲ್ಲಿ ಇಟ್ಟರೆ ಗಾಳಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಬೈದ ಮೇಲೆ ಪಟ್ಟಿಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಇವು ಬರೋಕೆ ಮುಂಚೆ ಎಸ್.ಪಿ. ರೋಡಿನ ಕೌಂಟರಿನಲ್ಲಿ ನಿಂತು "ಒಂದು ಅಸೆಂಬಲ್ಡ್ ಸೆಟ್ಟು" ಅಂದರೆ, ಒಳಗೆ ಏನು ಹಾಕಬೇಕು ಅನ್ನೋದು ಕೌಂಟರಿನ ಆಚೆ ಕಡೆಯವರ ಇಷ್ಟ. ಯಾವ ಭಾಗ ಏನು ಮಾಡುತ್ತೆ, ಎಷ್ಟು ಬೆಲೆ ಅನ್ನೋದನ್ನ ಹಳ್ಳಿ ಹುಡುಗರ ತನಕ ತಲುಪಿಸಿದ್ದು ಇದೇ ಪಟ್ಟಿಗಳು, ಇದೇ ವಿಡಿಯೋಗಳು. ಈಗ ಗಿರಾಕಿ ಕೌಂಟರಿನಲ್ಲಿ ವಾದ ಮಾಡ್ತಾನೆ. ಅದು ಸಣ್ಣ ಸಾಧನೆಯಲ್ಲ. ಅದಕ್ಕೇ ಇವು ಇನ್ನೊಂದು ಹೆಜ್ಜೆ ಮುಂದೆ ಹೋಗಲಿ ಅಂತ ಕೇಳ್ತಿರೋದು.

ನನ್ನ ಪ್ರಕಾರ ಒಳ್ಳೇ ಪಟ್ಟಿ ನಾಲ್ಕು ಪ್ರಶ್ನೆಯಿಂದ ಶುರುವಾಗಬೇಕು. ಯಾವ ಗೇಮು, ಎಷ್ಟು ಹರ್ಟ್ಸಿನ ಮಾನಿಟರಿನಲ್ಲಿ? ಯಾವ ಕ್ಯಾಮೆರಾ, ಅದರ ಫೈಲು ಯಾವ ನಮೂನೆ? ಈ ಕಂಪ್ಯೂಟರಿನಿಂದ ದುಡಿಮೆ ಇದೆಯಾ, ಬರೀ ಹವ್ಯಾಸನಾ? ಕರೆಂಟು ಹೇಗೆ? ಉತ್ತರ ಸಿಕ್ಕಿದ ಮೇಲೆ ಒಂದು ಪಟ್ಟಿ ಎರಡಾಗುತ್ತೆ. ಬರೀ ಗೇಮ್ ಆಡೋನು ದುಡ್ಡಿನ ಹತ್ತಿರ ಹತ್ತಿರ ಅರ್ಧವನ್ನ ಕಾರ್ಡಿಗೇ ಹಾಕಲಿ, ಎಫ್ ಪ್ರೊಸೆಸರ್ ತಗೊಳ್ಳಲಿ, ರೈಜೆನ್ 5 5600 ಆದರೂ ಆಗಬಹುದು, ಅದಕ್ಕೂ ಒಳಗಿನ ಗ್ರಾಫಿಕ್ಸ್ ಇಲ್ಲ. ಎಡಿಟ್ ಮಾಡೋನು ಒಳಗಿನ ಗ್ರಾಫಿಕ್ಸ್ ಇರೋ ಇಂಟೆಲ್, 32 ಜಿಬಿ ರ್‍ಯಾಮ್, 1 ಟಿಬಿ ಎಸ್ಎಸ್‌ಡಿ, ಬ್ಯಾಕಪ್ಪಿಗೆ ಒಂದು ದೊಡ್ಡ ಹಾರ್ಡ್ ಡಿಸ್ಕು, ಎಸ್‌ಆರ್‌ಜಿಬಿ ಬಣ್ಣ ಪೂರ್ತಿ ತೋರಿಸೋ ಐಪಿಎಸ್ ಮಾನಿಟರು ತಗೊಂಡು, ಕಾರ್ಡನ್ನ ಮುಂದಿನ ಸೀಸನ್ನಿಗೆ ಬಿಡಲಿ. ಎರಡೂ ಬೇಕು ಅನ್ನೋನು ಯಾವುದು ಹೊಟ್ಟೆಪಾಡು ಅಂತ ಮೊದಲು ನಿರ್ಧಾರ ಮಾಡಲಿ, ಆಮೇಲೆ ಇನ್ನೊಂದರಲ್ಲಿ ಒಂದು ಹೆಜ್ಜೆ ಕೆಳಗಿಳಿಯಲಿ. ಗೇಮಿನ ಸೆಟ್ಟಿಂಗು ಅಲ್ಟ್ರಾದಿಂದ ಮೀಡಿಯಂಗೆ ಇಳಿದರೆ ಯಾರ ಮದುವೆಯೂ ನಿಲ್ಲಲ್ಲ.

ಆಮೇಲೆ, ಪಟ್ಟಿಯನ್ನ ಕೆಳಗಿನಿಂದ ಮೇಲಕ್ಕೆ ಬರೀರಿ. ಮೊದಲು ಯುಪಿಎಸ್ಸು, ಪವರ್ ಸಪ್ಲೈ, ಮಾನಿಟರು. ಇವು ಮೂರೂ ಮುಂದಿನ ಕಂಪ್ಯೂಟರಿಗೂ ಬರಬಹುದು. ಅದಾದ ಮೇಲೆ ಬೋರ್ಡು, ಪ್ರೊಸೆಸರು, ರ್‍ಯಾಮು. ಕಾರ್ಡಿಗೆ ಉಳಿದದ್ದು. ಫ್ಯಾನಿನ ಬಣ್ಣಕ್ಕೆ ಆಮೇಲೂ ಏನಾದರೂ ಮಿಕ್ಕಿದ್ದರೆ, ಧಾರಾಳವಾಗಿ ಮಲ್ಲಿಗೆ ಮುಡಿಸಿ. ಬಿಲ್ಲಿನಲ್ಲಿ ಮಾತ್ರ "ಸೆಟ್ಟು" ಅಂತ ಒಂದೇ ಸಾಲು ಬರೆಸಿಕೊಂಡು ಬರಬೇಡಿ. ಒಂದೊಂದು ಭಾಗದ ಹೆಸರು, ಸೀರಿಯಲ್ ನಂಬರು ಬೇರೆ ಬೇರೆ ಇರಲಿ, ವಾರಂಟಿಗೆ ಅಲೆಯುವಾಗ ಕೈಯಲ್ಲಿರೋದು ಅದೊಂದೇ ಕಾಗದ.